ಕಳ್ಳಗಾಳಿ

ಕೇಳುಗರೇ, ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಮೈಸೂರಿನ ಒಂದು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು. ನನ್ನ ಹತ್ತಿರ 2003ರ ಒಂದು ಪುಟ್ಟ ಪೆಟ್ರೋಲ್ ಕಾರಿದೆ, ನಾಲ್ಕು ಸಿಲಿಂಡರಿನದು. ಅದರ ಇನ್‌ಟೇಕ್ ಮ್ಯಾನಿಫೋಲ್ಡ್ ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ ಗೊಂಚಲು. ಅದು ಇಂಜಿನ್ನಿಗೆ ಕೂಡುವ ಕಡೆ ಸಂದಿ ಮುಚ್ಚುವ ತೆಳು ಹಾಳೆಯೇ ಗ್ಯಾಸ್ಕೆಟ್. ಆ ಗ್ಯಾಸ್ಕೆಟ್ಟನ್ನು ಮನೆ ಮುಂದಿನ ಹೊಂಗೆ ಮರದ ಕೆಳಗೆ ನಾನೇ ಬದಲಾಯಿಸಿದೆ. ಒಂದು ಸಲ ಅಲ್ಲ, ಎರಡು ಸಲ. ಎರಡನೇ ಸಲ ಯಾಕೆ ಬೇಕಾಯಿತು ಅನ್ನುವುದನ್ನು ಹೇಳುವುದಕ್ಕೇ ಇಲ್ಲಿ ಬಂದು ಕೂತಿದ್ದೇನೆ.

ಶುರುವಾಗಿದ್ದು ಹೀಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಮುಟ್ಟದೆ ನಿಂತಲ್ಲೇ ಇಂಜಿನ್ ಓಡುವ ವೇಗ, ಒಂದು ಕಡೆ ನಿಲ್ಲುತ್ತಿರಲಿಲ್ಲ. ಆರ್‌ಪಿಎಂ ಮುಳ್ಳು 900ಕ್ಕೆ ಇಳಿಯುತ್ತದೆ, 1,500ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ, ಯಾವುದೋ ಮಗು ಆಕ್ಸಿಲರೇಟರ್ ಒತ್ತಿ ಬಿಟ್ಟು ಆಟ ಆಡುತ್ತಿರುವ ಹಾಗೆ. ಸಿಗ್ನಲ್ಲಿನಲ್ಲಿ ನಿಂತರೆ ಮಿಸ್ಸಿಂಗ್, ಅಂದರೆ ಇಂಜಿನ್ ಮಧ್ಯೆ ಮಧ್ಯೆ ಮುಗ್ಗರಿಸುತ್ತದೆ. ರಿಂಗ್ ರೋಡಿಗೆ ಹೋಗಿ 60ರಲ್ಲಿ ಓಡಿಸಿದರೆ ಏನೂ ಇಲ್ಲ, ಬೆಣ್ಣೆ. ಗ್ಯಾರೇಜಿನವರು ಪ್ಲಗ್ ಬದಲಾಯಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು, ಬಿಲ್ ಕೊಟ್ಟರು. ಮುಳ್ಳಿನ ಆಟ ಮಾತ್ರ ನಿಲ್ಲಲಿಲ್ಲ.

ನಮ್ಮ ಸೋದರಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಹಬ್ಬಕ್ಕೆ ಬಂದಿದ್ದವರು ಸದ್ದು ಕೇಳಿಸಿಕೊಂಡು ಹಿತ್ತಲಿಗೆ ಹೋದರು, ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ಒಂದು ಮೀಟರಿನಷ್ಟು ಕತ್ತರಿಸಿಕೊಂಡು ಬಂದರು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಇಂಜಿನ್ನಿನ ಸುತ್ತ. ಫ್ಯಾನಿಗೂ ಬೆಲ್ಟಿಗೂ ತಾಗದ ಹಾಗೆ ಹುಷಾರಾಗಿ. ಒಂದು ಮೂಲೆಯಲ್ಲಿ ಕೈ ನಿಂತಿತು. "ನಿನ್ನ ಗಾಡಿ ಕಳ್ಳಗಾಳಿ ಕುಡೀತಾ ಇದೆ ಕಣೋ" ಅಂದರು. ನಾನೂ ಕಿವಿ ಇಟ್ಟೆ. ಸುಸ್ಸ್ ಅಂತ ಸಣ್ಣ ಸದ್ದು, ಹಾಲು ಉಕ್ಕುವ ಮುಂಚೆ ಬರುತ್ತದಲ್ಲ, ಆ ಥರ.

ಕಳ್ಳಗಾಳಿ ಅಂದರೆ ಏನು? ಇಂಜಿನ್ ಐಡ್ಲಿಂಗಿನಲ್ಲಿದ್ದಾಗ ಗಾಳಿಯನ್ನು ಒಳಗೆ ಬಿಡುವ ಥ್ರಾಟಲ್ ಬಾಗಿಲು ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಪಿಸ್ಟನ್‌ಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಮ್ಯಾನಿಫೋಲ್ಡಿನ ಒಳಗೆ ಗಾಳಿಯ ಒತ್ತಡ ಹೊರಗಿಗಿಂತ ತುಂಬಾ ಕಮ್ಮಿ. ಮ್ಯಾನಿಫೋಲ್ಡ್ ಹೋಗಿ ಸಿಲಿಂಡರ್ ಹೆಡ್ಡಿಗೆ ಕೂಡುವ ಕಡೆ ಈ ಗ್ಯಾಸ್ಕೆಟ್ ಇರುವುದು, ಕೆಲವು ಮೆಕ್ಯಾನಿಕ್‌ಗಳ ಬಾಯಲ್ಲಿ ಪ್ಯಾಕಿಂಗ್. ವರ್ಷಗಟ್ಟಲೆ ಕಾದು, ಆರಿ, ಕಾದು, ಆರಿ ಅದು ಒಣಗಿ ಬಿರುಕು ಬಿಟ್ಟರೆ ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಬಿರುಕಿನ ಪಕ್ಕದ ಸಿಲಿಂಡರಿಗೆ ಗಾಳಿ ಜಾಸ್ತಿಯಾದರೆ ಅಲ್ಲಿ ಪೆಟ್ರೋಲ್ ಸಾಲದೆ ಮಿಸ್ಸಿಂಗ್. ಅದೇ ಜೋರಾಗಿ ಓಡಿಸುವಾಗ ಥ್ರಾಟಲ್ ತೆರೆದಿರುತ್ತದೆ, ರಾಶಿ ಗಾಳಿ ಬಾಗಿಲಿನಿಂದಲೇ ಬರುತ್ತಿರುತ್ತದೆ, ಈ ಕಳ್ಳಗಾಳಿ ಲೆಕ್ಕಕ್ಕೇ ಬರುವುದಿಲ್ಲ. ರಿಂಗ್ ರೋಡಿನ ಬೆಣ್ಣೆಯ ಗುಟ್ಟು ಅಷ್ಟೇ.

ಮೇಷ್ಟ್ರಲ್ವಾ, ಇಲ್ಲೊಂದು ಲೆಕ್ಕ ಹೇಳದೆ ಮುಂದಕ್ಕೆ ಹೋಗಲಾರೆ. ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಹೊರಗಿಗಿಂತ ಎಷ್ಟು ಕಮ್ಮಿ ಅಂತ ಅಳೆಯುವ ವ್ಯಾಕ್ಯೂಮ್ ಗೇಜ್ ಇಟ್ಟು ನೋಡಿದರೆ ಒಳ್ಳೆಯ ಇಂಜಿನ್ ಐಡ್ಲಿಂಗಿನಲ್ಲಿ ಸಾಧಾರಣವಾಗಿ 18ರಿಂದ 22 ಇಂಚು ಪಾದರಸ ತೋರಿಸುತ್ತದೆ ಅನ್ನುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಎತ್ತರ 1,000 ಅಡಿ ಏರಿದಂತೆ ಸುಮಾರು ಒಂದು ಇಂಚು ಕಮ್ಮಿ. ಮೈಸೂರು ಹತ್ತಿರ ಹತ್ತಿರ 2,500 ಅಡಿ ಮೇಲಿದೆ, ಬೆಂಗಳೂರು 3,000. ಮಂಗಳೂರಿನಲ್ಲಿ 20 ತೋರಿಸುವ ಇಂಜಿನ್ ಇಲ್ಲಿಗೆ ಬಂದರೆ ಹದಿನೇಳೂವರೆ ತೋರಿಸಬೇಕು, ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ಇದು ಗೊತ್ತಿಲ್ಲದೆ ಸುಮ್ನೆ ಹೆದರಿ ಇಂಜಿನ್ ಬಿಚ್ಚಿಸಿಕೊಳ್ಳಬೇಡಿ. ನನ್ನದು 13ರಲ್ಲಿ ನಡುಗುತ್ತಿತ್ತು, ಅದು ಬೇರೆ ವಿಷಯ.

ಲೀಕ್ ಎಲ್ಲಿ ಅಂತ ಗಟ್ಟಿ ಮಾಡಿಕೊಳ್ಳಲು ಕೆಲವರು ಕಾರ್ಬ್ ಕ್ಲೀನರ್ ಚಿಮುಕಿಸುತ್ತಾರೆ. ಬಿಸಿ ಇಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ, ನಾನು ಮಾಡಲಿಲ್ಲ. ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹಾಕಿ ಸಂದಿಗೆ ಹೊಡೆದೆ. ನೀರು ಬಿರುಕನ್ನು ಮುಚ್ಚಿದ ಆ ಒಂದೆರಡು ಸೆಕೆಂಡು ಇಂಜಿನ್ ಸದ್ದು ಬದಲಾಯಿತು. ಆಮೇಲೆ ಮೈಸೂರಿನವನು ಅನ್ನುವ ಹೆಮ್ಮೆಗೆ ಒಂದು ಊದುಬತ್ತಿ ಹಚ್ಚಿ ಹಿಡಿದೆ, ಹೊಗೆ ಸೀದಾ ಒಳಕ್ಕೆ ಬಾಗಿತು. ಪೆಟ್ರೋಲ್ ವಾಸನೆ ಒಂಚೂರು ಇದ್ದರೂ ಈ ಊದುಬತ್ತಿ ಸಾಹಸ ಬೇಡ.

ನನ್ನ ಕಾರಿನ ಮ್ಯಾನಿಫೋಲ್ಡಿನಲ್ಲಿ ಇಂಜಿನ್ ತಣ್ಣಗಿಡುವ ಕೂಲೆಂಟ್ ಹರಿಯುವ ದಾರಿಯೂ ಇದೆ. ಆ ಮೂಲೆಯಲ್ಲಿ ಹಸಿರು ಉಪ್ಪಿನ ಹಾಗೆ ಕರೆ ಕಟ್ಟಿತ್ತು. ಡಬ್ಬಿಯಲ್ಲಿ ಕೂಲೆಂಟ್ ಕಮ್ಮಿಯಾಗುತ್ತಿದ್ದುದಕ್ಕೂ ಇದೇ ಕಾರಣ ಅಂತ ಆಗ ಗೊತ್ತಾಯಿತು. ಅಮೆರಿಕದಲ್ಲಿ ವಿ-6 ಕಾರು ಇಟ್ಟುಕೊಂಡಿರುವ ನಮ್ಮವರು ಯಾರಾದರೂ ಕೇಳುತ್ತಿದ್ದರೆ, ಅಂಥ ಇಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಎರಡು ಹೆಡ್ಡುಗಳ ನಡುವೆ ಕೂರುತ್ತದೆ, ಕೂಲೆಂಟ್ ಲೀಕಾದರೆ ಎಣ್ಣೆಗೇ ಇಳಿಯಬಹುದು. ಎಣ್ಣೆ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದಾಗ ಎಣ್ಣೆ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಗಾಡಿಯನ್ನು ಸ್ಟಾರ್ಟೇ ಮಾಡಬೇಡಿ.

ಸರಿ, ಮೊದಲನೇ ಸಲದ ಕಥೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಶುರು ಮಾಡಿದೆ, ಕತ್ತಲಾಗುವಷ್ಟರಲ್ಲಿ ಮುಗಿಸಬೇಕು ಅಂತ. ತಪ್ಪು ಅಲ್ಲೇ. ಬಿಚ್ಚುವುದೇನೋ ಬಿಚ್ಚಿದೆ. ಇಂಜಿನ್ ಪೂರ್ತಿ ತಣ್ಣಗಾಗಿತ್ತು. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ಸ್ಟಾರ್ಟ್ ಮಾಡಿ ತಾನಾಗಿ ಆಫ್ ಆಗುವವರೆಗೂ ಬಿಟ್ಟೆ, ಇಲ್ಲದಿದ್ದರೆ ಪೈಪ್ ಬಿಚ್ಚಿದಾಗ ಒತ್ತಡಕ್ಕೆ ಪೆಟ್ರೋಲ್ ಮುಖಕ್ಕೆ ಹಾರುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದೆ. ಪ್ರತಿ ಪೈಪಿಗೂ ಮಾಸ್ಕಿಂಗ್ ಟೇಪ್ ಸುತ್ತಿ ನಂಬರ್ ಬರೆದೆ, ಮೊಬೈಲಿನಲ್ಲಿ ಫೋಟೋ ಹೊಡೆದೆ. ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ ಮುಚ್ಚಿಟ್ಟೆ. ಅದು ಸಿಹಿ ಇರುತ್ತದೆ, ಬೀದಿ ನಾಯಿ ಬೆಕ್ಕು ನೆಕ್ಕಿದರೆ ಸತ್ತೇ ಹೋಗುತ್ತವೆ. ಎಲ್ಲಾ ನಟ್ಟು ತೆಗೆದ ಮೇಲೂ ಮ್ಯಾನಿಫೋಲ್ಡ್ ಅಲ್ಲಾಡುತ್ತದೆಯೇ ಹೊರತು ಬರುವುದಿಲ್ಲ. ಅರ್ಧ ಗಂಟೆ ಒದ್ದಾಡಿದೆ. ಕೆಳಗಡೆ ಕಣ್ಣಿಗೆ ಕಾಣದ ಜಾಗದಲ್ಲಿ ಅದನ್ನು ಹಿಡಿದುಕೊಂಡಿರುವ ಒಂದು ಬ್ರಾಕೆಟ್, ಅದಕ್ಕೊಂದು 12ರ ಬೋಲ್ಟ್! ಬರಲಿಲ್ಲ ಅಂತ ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೋಗಬೇಡಿ, ಮೊದಲು ಕೈಯಾಡಿಸಿ ನೋಡಿ.

ಅಷ್ಟರಲ್ಲಿ ಬೆಳಕು ಹೋಗುತ್ತಿತ್ತು. ಹಳೇ ಗ್ಯಾಸ್ಕೆಟ್ ಹೆಡ್ಡಿಗೆ ಅಂಟಿಕೊಂಡಿದ್ದನ್ನು ಸ್ಕ್ರೂಡ್ರೈವರಿನಲ್ಲಿ ಕೆರೆದೆ. ಸ್ವಲ್ಪ ಉಳಿಯಿತು, ಇರಲಿ ಬಿಡು ಅಂದುಕೊಂಡೆ. ಹೊಸ ಗ್ಯಾಸ್ಕೆಟ್ಟಿಗೆ ಶೆಲ್ಲಾಕ್ ಅನ್ನುವ ಅಂಟನ್ನು ಧಾರಾಳವಾಗಿ ಬಳಿದೆ. ಲೀಕ್ ಆಗಬಾರದಲ್ಲ ಅಂತ ನಟ್ಟುಗಳನ್ನು ಹಲ್ಲು ಕಚ್ಚಿಕೊಂಡು ಬಿಗಿ ಮಾಡಿದೆ. ಮೂರು ವಾರ ಗಾಡಿ ಚೆನ್ನಾಗಿತ್ತು. ನಾಲ್ಕನೇ ವಾರ ಮತ್ತೆ ಸುಸ್ಸ್.

ಎರಡನೇ ಸಲ ಬಿಚ್ಚಿ ಬಿಸಿಲಿನಲ್ಲಿ ಇಟ್ಟು ನೋಡಿದಾಗ ನಾಚಿಕೆಯಾಯಿತು. ನಟ್ಟು ಕೂರುವ ಒಂದು ಸ್ಟಡ್ಡಿನ ಬುಡದಲ್ಲಿ ಹಳೇ ಗ್ಯಾಸ್ಕೆಟ್ಟಿನ ತುಣುಕು, ಮಣೆಯ ಕೆಳಗೆ ಸಿಕ್ಕಿದ ಕಲ್ಲಿನ ಹಾಗೆ. ಮಣೆ ಅಲ್ಲಾಡುತ್ತಿದ್ದರೆ ಅದರ ಮೇಲೆ ಇನ್ನೂ ಜೋರಾಗಿ ಕೂತರೆ ಸರಿಹೋಗುತ್ತದೆಯೇ? ನಾನು ಮಾಡಿದ್ದು ಅದನ್ನೇ. ಜೊತೆಗೆ ಮ್ಯಾನಿಫೋಲ್ಡಿನ ಮೈಮೇಲೆ ನನ್ನ ಸ್ಕ್ರೂಡ್ರೈವರ್ ಎಳೆದ ಒಂದು ಗೀರು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಕಬ್ಬಿಣದ ಮಾತನ್ನು ಬೇಗ ಕೇಳಿಬಿಡುತ್ತದೆ.

ಈ ಸಲ ಬರೀ ಕ್ಲೀನ್ ಮಾಡುವುದಕ್ಕೇ ಒಂದು ಪೂರ್ತಿ ದಿನ ಇಟ್ಟೆ. ಮೊದಲು ಹೆಡ್ಡಿನ ನಾಲ್ಕೂ ಬಾಯಿಗೆ ಬಟ್ಟೆ ತುರುಕಿದೆ, ಎಷ್ಟು ತುಂಡು ಅಂತ ಎಣಿಸಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಏಪ್ರಿಲ್ ತಿಂಗಳು, ಹೊಂಗೆ ಹೂ ಎಡೆಬಿಡದೆ ಉದುರುತ್ತಿತ್ತು, ಅದಕ್ಕೆ ಮೇಲೊಂದು ಹಳೇ ಬೆಡ್‌ಶೀಟ್ ಕಟ್ಟಿದೆ. ಕೆರೆಯುವುದಕ್ಕೆ ಅವಧಿ ಮುಗಿದ ಎಟಿಎಂ ಕಾರ್ಡ್. ಥಿನ್ನರಿನಲ್ಲಿ ಅದ್ದಿದ ಬಟ್ಟೆ ಐದು ನಿಮಿಷ ಒತ್ತಿಟ್ಟು, ಆಮೇಲೆ ಕಾರ್ಡಿನಿಂದ ಮೆಲ್ಲಗೆ ಉಜ್ಜುವುದು, ಮತ್ತೆ ಬಟ್ಟೆ, ಮತ್ತೆ ಕಾರ್ಡು. ಬೇಜಾರಿನ ಕೆಲಸ. ಡ್ರಿಲ್ಲಿಗೆ ಬ್ರಷ್ ಹಾಕಿ ತಿರುಗಿಸಿದರೆ ಹತ್ತು ನಿಮಿಷದಲ್ಲಿ ಆಗುತ್ತದೆ ಅಂತ ಪಕ್ಕದ ಮನೆಯವರು ಸಲಹೆ ಕೊಟ್ಟರು. ಆ ಪುಡಿ ಇಂಜಿನ್ನಿನ ಒಳಗೆ ಹೋದರೆ ಬೇರಿಂಗೇ ತಿಂದುಹಾಕುತ್ತದೆ.

ಮ್ಯಾನಿಫೋಲ್ಡ್ ಹೇಗೂ ಹೊರಗಿತ್ತು. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಗೀರು ಮಾಯವಾಗುವವರೆಗೆ ಉಜ್ಜಿ, ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿದೆ. ಅದರ ಮೈಮೇಲೆ ಸ್ಟೀಲ್ ಪಟ್ಟಿ ಇಟ್ಟು ಸಂದಿ ಇದೆಯಾ ನೋಡಿದೆ. ಅನೇಕ ಪುಟ್ಟ ಇಂಜಿನ್‌ಗಳಿಗೆ 0.1 ಮಿಲಿಮೀಟರ್ ಮಿತಿ. ಸಂದಿ ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ಜೆರಾಕ್ಸ್ ಹಾಳೆ ಸಾಕು, ಅದರ ದಪ್ಪ ಹೆಚ್ಚುಕಮ್ಮಿ ಅಷ್ಟೇ. ಪಟ್ಟಿಯ ಕೆಳಗೆ ಹಾಳೆ ತೂರಿದರೆ ಲೇತ್ ಅಂಗಡಿಗೆ ತೆಗೆದುಕೊಂಡು ಹೋಗಿ ಮಟ್ಟ ಮಾಡಿಸಬೇಕು. ನನ್ನದು ತೂರಲಿಲ್ಲ, ಅದೃಷ್ಟ.

ಕೂರಿಸುವಾಗ ಒಣ ಗ್ಯಾಸ್ಕೆಟ್, ಶೆಲ್ಲಾಕೂ ಇಲ್ಲ, ಸಿಲಿಕಾನೂ ಇಲ್ಲ. ಕಂಪನಿ ಪುಸ್ತಕದಲ್ಲಿ ಹಚ್ಚಿ ಅಂತ ಇದ್ದರೆ ಮಾತ್ರ ಹಚ್ಚಬೇಕು. ಇಂಜೆಕ್ಟರ್‌ಗಳಿಗೆ ಹೊಸ ಓ-ರಿಂಗ್, ಒಂದು ಹನಿ ಇಂಜಿನ್ ಆಯಿಲ್ ಸವರಿ. ಬಟ್ಟೆ ತುಂಡುಗಳು ಗೋಡೆಯ ಲೆಕ್ಕಕ್ಕೆ ಸರಿಹೋದ ಮೇಲೆಯೇ ಮ್ಯಾನಿಫೋಲ್ಡ್ ಒಳಗೆ ಹೋಯಿತು. ನಟ್ಟುಗಳನ್ನು ಮೊದಲು ಕೈಯಲ್ಲಿ, ಆಮೇಲೆ ನಡುವಿನಿಂದ ಶುರು ಮಾಡಿ ಎರಡೂ ತುದಿಯ ಕಡೆಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ. ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಸ್ಪ್ಯಾನರ್ ಬಾಡಿಗೆಗೆ ತಂದಿದ್ದೆ. ಪುಸ್ತಕ ಹೇಳಿದ ಅಂಕಿಗೆ ಟಿಕ್ ಅಂದಾಗ ನನಗೆ ನಂಬಿಕೆಯೇ ಬರಲಿಲ್ಲ, ಇಷ್ಟು ಸಡಿಲ ಸಾಕಾ ಅಂತ.

ಸ್ಟಾರ್ಟ್ ಮಾಡುವ ಮುಂಚೆ ಪಂಪಿನ ಫ್ಯೂಸ್ ಹಾಕಿ, ಎರಡು ಮೂರು ಸಲ ಕೀ ಆನ್ ಆಫ್ ಮಾಡಿ, ಎಲ್ಲೂ ಪೆಟ್ರೋಲ್ ಜಿನುಗುತ್ತಿಲ್ಲ ಅಂತ ಟಾರ್ಚ್ ಹಾಕಿ ನೋಡಿಕೊಂಡೆ. ಕೂಲೆಂಟ್ ತುಂಬಿ, ಹೀಟರ್ ಆನ್ ಮಾಡಿ, ಒಳಗಿದ್ದ ಗಾಳಿ ಗುಳುಗುಳು ಅಂತ ಹೊರಗೆ ಬರುವವರೆಗೂ ಕಾದೆ. ಮುಳ್ಳು 850ಕ್ಕೆ ಬಂದು ಅಲ್ಲೇ ನಿಂತಿತು. ಗೇಜಿನಲ್ಲಿ 17.

ಮಾವನಿಗೆ ಫೋನ್ ಮಾಡಿದೆ. ಮಾರನೇ ದಿನ ಬಂದರು, ಮೂಲೆಯಲ್ಲಿ ಬಿದ್ದಿದ್ದ ಅದೇ ಪೈಪಿನ ತುಂಡನ್ನು ಕಿವಿಗೆ ಇಟ್ಟುಕೊಂಡು ಮ್ಯಾನಿಫೋಲ್ಡಿನ ಉದ್ದಕ್ಕೂ ನಿಧಾನವಾಗಿ ಆಡಿಸಿದರು. "ಏನೂ ಇಲ್ಲ, ಗಪ್‌ಚುಪ್" ಅಂದರು. ನಾನು ಕಾಫಿ ತರಲು ಒಳಗೆ ತಿರುಗಿದೆ. ಅವರು ಪೈಪನ್ನು ಆಲ್ಟರ್ನೇಟರ್ ಕಡೆಗೆ ತಿರುಗಿಸಿ ನನ್ನನ್ನು ವಾಪಸ್ ಕರೆದರು. "ಲೋ, ಇಲ್ಲಿ ಬಂದು ಸ್ವಲ್ಪ ಕೇಳಿಸ್ಕೋ. ಈ ಬೇರಿಂಗ್ ಎಷ್ಟು ದಿನದಿಂದ ಹೀಗೆ?"

ನಮಸ್ಕಾರ.