ಜನರೇಟರ್ ಎಳೆಯುವ ಪಿಕಪ್‌ಗೆ ಎಂಥ ಸ್ಪ್ರಿಂಗ್ ಬೇಕು?

ಕೇಳುಗ ಬಂಧುಗಳಿಗೆ ನಮಸ್ಕಾರ.

ದೀಪಾವಳಿ ಕಳೆಯಿತೆಂದರೆ ನಮ್ಮ ಕಾಸರಗೋಡಿನ ರಾತ್ರಿಗಳಿಗೆ ಬಿಡುವಿಲ್ಲ. ಒಂದು ಕಡೆ ಬಯಲಾಟ, ಇನ್ನೊಂದು ಕಡೆ ನೇಮ, ಕಳಿಯಾಟ, ಉರೂಸ್. ಎಲ್ಲದಕ್ಕೂ ಲೈಟು ಬೇಕು, ಮೈಕು ಬೇಕು. ಕರೆಂಟನ್ನು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಪಿಕಪ್ ಹಿಂದೆ ಜನರೇಟರಿನ ಟ್ರೈಲರ್ ಕಟ್ಟಿಕೊಂಡು ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಅಡೂರು ಅಂತ ಓಡುವ ಹುಡುಗರು ಬಹಳ ಮಂದಿ ಇದ್ದಾರೆ. ಅವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಅಣ್ಣಾ, ಟ್ರೈಲರ್ ಕಟ್ಟಿದ ಕೂಡಲೇ ಗಾಡಿ ಹಿಂದೆ ಕೂತುಬಿಡುತ್ತದೆ. ಎರಡು ಪ್ಲೇಟ್ ಜಾಸ್ತಿ ಹಾಕಿಸಿದರೆ ಸಾಕಲ್ವಾ?"

ಪ್ಲೇಟ್ ಅಂದರೆ ಸ್ಪ್ರಿಂಗಿನಲ್ಲಿ ಒಂದರ ಮೇಲೊಂದು ಜೋಡಿಸಿರುವ ಉಕ್ಕಿನ ಪಟ್ಟಿ. ಅದನ್ನು ಹಾಕಿಸುವ ಮೊದಲು ಗಾಡಿಯನ್ನು ತೂಗಿಸಿ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಮೊದಲು ಟ್ರೈಲರಿನ ಚಕ್ರ ನೋಡಿ. ನಾಲ್ಕು ಚಕ್ರ ಇದ್ದು, ಮುಂದಿನ ಜೋಡಿ ಎಳೆಯುವ ದಂಡದ ಜೊತೆಗೇ ತಿರುಗುವಂಥ ಟ್ರೈಲರ್ ಆಗಿದ್ದರೆ, ಅದರ ಭಾರವನ್ನು ಅದೇ ಹೊತ್ತುಕೊಳ್ಳುತ್ತದೆ. ನಿಮ್ಮ ಹುಕ್ಕಿನ ಮೇಲೆ ಬೀಳುವುದು ದಂಡದ ಭಾರ ಮಾತ್ರ. ಹಾಗಿದ್ದೂ ಪಿಕಪ್ ಕೂರುತ್ತಿದೆಯೆಂದರೆ ಕಾರಣ ನಿಮ್ಮ ಡೆಕ್ಕಿನಲ್ಲೇ ಇದೆ. ಕೇಬಲ್ ಸುರುಳಿ, ಡೀಸೆಲ್ ಕ್ಯಾನ್, ಸ್ಪೀಕರ್ ಪೆಟ್ಟಿಗೆ, ಅದರ ಮೇಲೆ ನಾಲ್ಕು ಜನ ಹುಡುಗರು. ಅಂಥ ಗಾಡಿಗೆ ಟ್ರೈಲರಿನ ಹೆಸರು ಹೇಳಿ ಸ್ಪ್ರಿಂಗ್ ಬದಲಿಸುವುದು ಸುಮ್ನೆ ಖರ್ಚು. ಜನರನ್ನು ಡೆಕ್ಕಿನಲ್ಲಿ ಕೂರಿಸುವುದಂತೂ ಬೇಡವೇ ಬೇಡ.

ಎರಡೇ ಚಕ್ರದ ಟ್ರೈಲರ್ ಆದರೆ ಕಥೆ ಬೇರೆ. ಅದರ ತೂಕದಲ್ಲಿ ಒಂದು ಪಾಲು ಪಿಕಪ್‌ನ ಹುಕ್ಕಿನ ಮೇಲೆ ಕೂರುತ್ತದೆ, ಕೂರಲೇಬೇಕು. ಸಾಮಾನ್ಯವಾಗಿ ಟ್ರೈಲರಿನ ಒಟ್ಟು ತೂಕದ 10ರಿಂದ 15 ಶೇಕಡಾ. ಅದಕ್ಕಿಂತ ಕಡಿಮೆಯಾದರೆ ಓಟದಲ್ಲಿ ಟ್ರೈಲರ್ ಅತ್ತಿತ್ತ ಬಾಲ ಬೀಸಲು ಶುರುಮಾಡಬಹುದು. 1,200 ಕಿಲೋ ಟ್ರೈಲರ್ ಅಂದರೆ ಹುಕ್ಕಿನ ಮೇಲೆ 120ರಿಂದ 180 ಕಿಲೋ ಆಯಿತು. ಪಿಕಪ್ ಹಿಂದೆ ಕೂರುತ್ತದೆಂದು ಜನರೇಟರನ್ನೇ ಟ್ರೈಲರಿನಲ್ಲಿ ಹಿಂದಕ್ಕೆ ಸರಿಸಿ ಕೂರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಿಕಪ್ ನೆಟ್ಟಗೆ ಕಾಣುತ್ತದೆ, ಆದರೆ ಇಳಿಜಾರಿನಲ್ಲಿ ಟ್ರೈಲರ್ ನಿಮ್ಮ ಮಾತು ಕೇಳುವುದಿಲ್ಲ.

150 ಕಿಲೋ ಅಷ್ಟೇ ಅಲ್ವಾ, ಎರಡು ಆಳಿನ ಭಾರ ಅನ್ನಿಸಬಹುದು. ಅದು ಎಲ್ಲಿ ಬೀಳುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಹುಕ್ಕು ಇರುವುದು ಹಿಂದಿನ ಆಕ್ಸಲಿಗಿಂತಲೂ ಹಿಂದೆ. ಹಳೆಯ ತೋಟಗಳ ಏತದ ಹಾಗೆ, ಈ ತುದಿ ಒತ್ತಿದರೆ ಆ ತುದಿ ಏಳುತ್ತದೆ. ಗಾಡಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 3 ಮೀಟರ್, ಹಿಂದಿನ ಆಕ್ಸಲಿನಿಂದ ಹುಕ್ಕಿಗೆ 1.2 ಮೀಟರ್ ಅಂತ ಇಟ್ಟುಕೊಳ್ಳಿ. ಹುಕ್ಕಿನ ಮೇಲೆ 150 ಕಿಲೋ ಬಿದ್ದರೆ ಹಿಂದಿನ ಆಕ್ಸಲಿಗೆ ಬರುವುದು 210 ಕಿಲೋ. ಮುಂದಿನ ಚಕ್ರಗಳಿಂದ 60 ಕಿಲೋ ಎದ್ದುಹೋಗುತ್ತದೆ. ಸ್ಟೇರಿಂಗ್ ಹಗುರ ಅನ್ನಿಸುವುದು ಅದಕ್ಕೇ. ಮಳೆಯಲ್ಲಿ ತಿರುವಿನಲ್ಲಿ ಮೂತಿ ನೇರ ಹೋಗುವುದೂ ಅದಕ್ಕೇ. ಬ್ರೇಕ್ ಒತ್ತಿದಾಗ ಜಾಸ್ತಿ ಕೆಲಸ ಮಾಡುವುದು ಮುಂದಿನ ಚಕ್ರ, ಅದರ ಹಿಡಿತವೇ ಕಡಿಮೆಯಾಗಿರುತ್ತದೆ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹಿಂದೆ ಎಂಥ ಸ್ಪ್ರಿಂಗ್ ಹಾಕಿದರೂ ಆ 60 ಕಿಲೋ ಮುಂದಿನ ಚಕ್ರಕ್ಕೆ ವಾಪಸ್ ಬರುವುದಿಲ್ಲ. ಗಾಡಿ ಎತ್ತರಕ್ಕೆ ನಿಲ್ಲುತ್ತದೆ, ಅಷ್ಟೇ. ಅದನ್ನು ಮುಂದಕ್ಕೆ ಕಳಿಸಬಲ್ಲ, ತೂಕ ಹಂಚುವ ಬೇರೆಯೇ ಥರದ ಹುಕ್ಕು ಇದೆ. ನಮ್ಮ ಕಡೆ ಅದು ಕಾಣಸಿಗುವುದು ಅಪರೂಪ. ನಮ್ಮ ಕೈಯಲ್ಲಿರುವ ಉಪಾಯ ಸುಲಭದ್ದು. ಕೇಬಲ್ ಸುರುಳಿಯನ್ನು ಹಿಂದಿನ ಬಾಗಿಲ ಹತ್ತಿರ ಒಟ್ಟುವ ಬದಲು ಕ್ಯಾಬಿನ್ನಿಗೆ ಒತ್ತಿ ಇಟ್ಟು ಬಿಗಿಯಾಗಿ ಕಟ್ಟಿ.

ಇನ್ನು ತೂಗಿಸುವ ವಿಷಯ. ವೇಬ್ರಿಡ್ಜಿನಲ್ಲಿ ಟ್ರೈಲರ್ ಬಿಚ್ಚಿ, ಡೆಕ್ಕಿನಲ್ಲಿ ದಿನಾ ಇರುವ ಸಾಮಾನು ಹಾಗೇ ಇಟ್ಟು, ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ. ಆಮೇಲೆ ಇಡೀ ಪಿಕಪ್. ಈಗ ಟ್ರೈಲರ್ ಕಟ್ಟಿ, ಅದರ ಚಕ್ರ ಹೊರಗೇ ಇರುವ ಹಾಗೆ ಇನ್ನೊಮ್ಮೆ ಇದೇ ಎರಡು ತೂಕ. ಇಡೀ ಪಿಕಪ್‌ನ ಎರಡು ತೂಕಗಳ ನಡುವೆ ಎಷ್ಟು ವ್ಯತ್ಯಾಸವೋ ಅಷ್ಟು ನಿಮ್ಮ ಹುಕ್ಕಿನ ಭಾರ. ಮುಂದಿನ ಚಕ್ರ ಎಷ್ಟು ಕಳೆದುಕೊಂಡಿತು ಅನ್ನುವುದೂ ಚೀಟಿಯಲ್ಲೇ ಕಾಣುತ್ತದೆ. ಆ ಚೀಟಿಯನ್ನು ಆರ್‌ಸಿಯ ಪಕ್ಕ ಇಟ್ಟು ನೋಡಿ. ಆರ್‌ಸಿಯಲ್ಲಿರುವ ಒಟ್ಟು ತೂಕವನ್ನು ಈಗಾಗಲೇ ದಾಟಿದ್ದರೆ ಸ್ಪ್ರಿಂಗಿನ ಮಾತೇ ಬೇಡ, ಸಾಮಾನು ಇಳಿಸಬೇಕು. ಆಕ್ಸಲ್, ಟಯರ್, ಬ್ರೇಕ್, ಚಾಸಿ ಮೊದಲಿನದ್ದೇ ಇರುವಾಗ ಸ್ಪ್ರಿಂಗ್ ಒಂದೇ ಗಟ್ಟಿಯಾದರೆ ಗಾಡಿಯ ತಾಕತ್ತು ಹೆಚ್ಚುವುದಿಲ್ಲ.

ತೂಕ ಮಿತಿಯೊಳಗೇ ಇದೆ, ಆದರೂ ಕೂರುತ್ತದೆ ಅಂತಾದರೆ ಗಾಡಿಯ ಅಡಿಗೆ ಬಗ್ಗಿ. ನಮ್ಮಲ್ಲಿ ಓಡುವ ಹಲವು ಪಿಕಪ್‌ಗಳಲ್ಲಿ ಮುಖ್ಯ ಪ್ಲೇಟ್ ಸೆಟ್ಟಿನ ಮೇಲೆ ಹೆಲ್ಪರ್ ಪ್ಲೇಟ್ ಕಂಪನಿಯಿಂದಲೇ ಬಂದಿರುತ್ತದೆ. ಭಾರ ಬಿದ್ದಾಗ ಮಾತ್ರ ಅದರ ತುದಿ ಚಾಸಿಯ ಬ್ರಾಕೆಟ್ಟಿಗೆ ತಾಗಬೇಕು. ತಾಗುವ ಜಾಗವನ್ನು ಬಟ್ಟೆಯಲ್ಲಿ ಒರೆಸಿ ನೋಡಿ. ಉಜ್ಜಿ ಹೊಳೆಯುತ್ತಿದ್ದರೆ ಹೆಲ್ಪರ್ ದುಡಿಯುತ್ತಿದೆ. ಕೆಂಪು ಮಣ್ಣು, ತುಕ್ಕು ಹಾಗೇ ಕೂತಿದ್ದರೆ ಅದು ಇನ್ನೂ ಕೆಲಸಕ್ಕೇ ಬಂದಿಲ್ಲ, ನಿಮಗೆ ಹೊಸ ಪ್ಲೇಟ್ ಬೇಡ. ಹಾಗೆಯೇ ಸೆಂಟರ್ ಬೋಲ್ಟಿನ ಸುತ್ತ ಬಿರುಕು ಇದೆಯಾ, ಬುಷ್ ತಿಂದುಹೋಗಿದೆಯಾ ನೋಡಿ. ನಮ್ಮ ಮಳೆಗೂ ಕಡಲ ಗಾಳಿಗೂ ಪ್ಲೇಟುಗಳ ನಡುವೆ ತುಕ್ಕು ಬೇಗ ಹಿಡಿಯುತ್ತದೆ. ಎಷ್ಟೋ ಸಲ ಗಾಡಿ ಕೂರುವುದು ಸೋತ ಹಳೆಯ ಸೆಟ್ಟಿನಿಂದ. ಅದಕ್ಕೆ ಅದೇ ಅಳತೆಯ ಹೊಸ ಸೆಟ್ ಹಾಕಿದರೆ ಮುಗಿಯಿತು.

ಪ್ಲೇಟ್ ಸೇರಿಸುವುದೇ ಆದರೆ ದಪ್ಪದ ಮೇಲೆ ಕಣ್ಣಿರಲಿ. ಒಂದೇ ದಪ್ಪದ, ಪೂರ್ತಿ ಉದ್ದದ ಐದು ಪ್ಲೇಟಿಗೆ ಅಂಥದೇ ಆರನೆಯದು ಸೇರಿದರೆ ಸ್ಪ್ರಿಂಗಿನ ಬಿಗಿ, ಅಂದರೆ ಭಾರಕ್ಕೆ ಬಾಗದೆ ನಿಲ್ಲುವ ಗುಣ, ಸುಮಾರು 20 ಶೇಕಡಾ ಹೆಚ್ಚುತ್ತದೆ. ದಪ್ಪ ಹೆಚ್ಚಿಸಿದರೆ ಲೆಕ್ಕವೇ ಬೇರೆ. 8 ಮಿಲಿಮೀಟರಿನ ಒಂದು ಪ್ಲೇಟಿನ ಜಾಗಕ್ಕೆ 10 ಮಿಲಿಮೀಟರಿನದ್ದು ಬಂದರೆ ಆ ಪ್ಲೇಟಿನ ಬಿಗಿ ಹೆಚ್ಚುಕಡಿಮೆ ಎರಡು ಪಟ್ಟು. "ಇರಲಿ, ಗಟ್ಟಿ ಇರಲಿ" ಅಂತ ದಪ್ಪದ್ದು ಹಾಕಿಸಿಕೊಂಡವರ ಗಾಡಿ ಖಾಲಿ ಬರುವಾಗ ಹೊಂಡಕ್ಕೆ ಕುಣಿಯುತ್ತದೆ, ಹಿಂದಿನ ಚಕ್ರ ರಸ್ತೆ ಬಿಡುತ್ತದೆ.

ನಮ್ಮ ಜನರೇಟರ್ ಗಾಡಿಗಳು ಟ್ರೈಲರನ್ನು ಗದ್ದೆಯಲ್ಲಿ ಬಿಟ್ಟು ಖಾಲಿ ಓಡಾಡುವುದೂ ಬಹಳ ಅಲ್ವಾ? ಅಂಥವರಿಗೆ ನನ್ನ ಒಲವು ರಬ್ಬರ್ ಬ್ಲಾಕಿನ ಕಡೆ. ಚಾಸಿಗೂ ಆಕ್ಸಲಿಗೂ ನಡುವೆ, ಅವೆರಡೂ ಬಡಿಯದಂತೆ ತಡೆಯುವ ಬಂಪ್ ಸ್ಟಾಪಿನ ಜಾಗದಲ್ಲಿ ಕೂರುತ್ತದೆ. ಖಾಲಿ ಇದ್ದಾಗ ಸುಮ್ಮನಿರುತ್ತದೆ, ಭಾರ ಬಿದ್ದಾಗ ತಾಗಿ ಹೊರುತ್ತದೆ. ನೋಡಿಕೊಳ್ಳುವ ಕೆಲಸವೂ ಕಡಿಮೆ. ಸ್ಪ್ರಿಂಗಿಗೆ ನೆರವಾಗಿ ಹಾಕುವ ಗಾಳಿ ಚೀಲ ಇದಕ್ಕಿಂತ ನಯ, ಭಾರಕ್ಕೆ ತಕ್ಕ ಹಾಗೆ ಗಾಳಿ ತುಂಬಬಹುದು. ಆದರೆ ಖಾಲಿ ಇದ್ದಾಗಲೂ ಸ್ವಲ್ಪ ಗಾಳಿ ಇರಲೇಬೇಕು, ಸೈಲೆನ್ಸರಿನ ಬಿಸಿ ತಾಗಬಾರದು. ಎರಡೂ ಬದಿಗೆ ಬೇರೆ ಬೇರೆ ಪೈಪು ಇರಲಿ. ಒಂದೇ ಪೈಪಿನಲ್ಲಿ ಜೋಡಿಸಿದರೆ ತಿರುವಿನಲ್ಲಿ ಒತ್ತಿದ ಬದಿಯ ಗಾಳಿ ಆಚೆ ಬದಿಗೆ ಓಡಿ, ಗಾಡಿ ಇನ್ನೂ ವಾಲುತ್ತದೆ. ಯಾವುದನ್ನೇ ಹಾಕಿಸಿ, ಸೋರುವ ಶಾಕ್ ಅಬ್ಸಾರ್ಬರನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ.

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೆಲಸ ಶುರುಮಾಡುವ ಮೊದಲೇ ಆರ್‌ಟಿಓ ಆಫೀಸಿನಲ್ಲಿ ಕೇಳಿ.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಗಾಡಿಗಳಿಗೂ ಬಿಡುವು. ಈ ಕೆಲಸಕ್ಕೆ ಅದೇ ಸಮಯ. ಪ್ಲೇಟ್ ಸೆಟ್ಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಹೊಸದೇ ಹಾಕಿಸಿ. ಕೊನೆಯ ಬಿಗಿಯನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊಡಿಸಿ, ಜಾಕಿನ ಮೇಲಿದ್ದಾಗ ಬೇಡ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ. ಮತ್ತೆ ಅದೇ ವೇಬ್ರಿಡ್ಜಿಗೆ ಹೋಗಿ ತೂಗಿಸಿ. ಟ್ರೈಲರ್ ಕಟ್ಟಿಕೊಂಡೇ ಹೆಡ್‌ಲೈಟಿನ ಎತ್ತರವನ್ನೂ ಸರಿಮಾಡಿಸಿಕೊಳ್ಳಿ. ನಮಸ್ಕಾರ.