ಈದ್‌ಗೆ 8 ಜನ ಊಟಕ್ಕೆ ಬರ್ತಿದ್ದಾರೆ, ನಿಮಗೆ ಅಡುಗೆ ಬರಲ್ಲ. ಈಗೇನ್ ಮಾಡೋದು?

[ದೃಶ್ಯ: ಅಡುಗೆಮನೆ ಕಟ್ಟೆ. ಬಟ್ಟಲಲ್ಲಿ ಗಟ್ಟಿಯಾದ ಶೀರ್ ಖುರ್ಮಾ. ಅದರ ನಡುವೆ ಚಮಚ ನೆಟ್ಟಗೆ ನಿಂತಿದೆ.]

ಈ ಚಮಚ ಯಾರೂ ಹಿಡ್ಕೊಂಡಿಲ್ಲ, ತಾನಾಗೇ ನಿಂತಿದೆ. ನಾನು ಮೊದಲ ಸಲ ಹಬ್ಬದಡುಗೆಗೆ ಕೈ ಹಾಕಿದಾಗ ನನ್ನ ಶೀರ್ ಖುರ್ಮಾ, ಅಂದ್ರೆ ಹಬ್ಬದ ಹಾಲು-ಶಾವಿಗೆ ಪಾಯಸ, ಹೀಗೇ ಆಗಿತ್ತು. ಇವತ್ತು ನಿಮಗೆ ತೋರಿಸೋಕೆ ಅಂತ ಬೇಕಂತಲೇ ಕೆಡಿಸಿದೀನಿ.

ಆ ವರ್ಷ ಅಮ್ಮಿ ಕೈಗೆ ಪೆಟ್ಟಾಗಿತ್ತು. ನಾನು ಭಾರೀ ಧೈರ್ಯದಲ್ಲಿ 7 ಬಗೆಯ ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆ. ಒಂದು ಗಂಟೆಗೆ ಊಟ ಅಂತ ಕರೆದವರಿಗೆ ಬಡಿಸಿದ್ದು ಮೂರೂವರೆಗೆ. ಖಾಲಾ (ಅಮ್ಮಿಯ ಸೋದರಿ) ಪಾಪ, "ಚೆನ್ನಾಗಿದೆ ಬೇಟಾ" ಅಂತಾನೇ ಮೂರು ಲೋಟ ನೀರು ಕುಡಿದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಈರುಳ್ಳಿ ಹೆಚ್ಚಿ ಕರಿಯೋಕೆ ಒಂದೂಕಾಲು ಗಂಟೆ, ಬಾದಾಮಿ ಸಿಪ್ಪೆ ತೆಗೆಯೋಕೆ ಅರ್ಧ ಗಂಟೆ, ಪುದೀನ ಬಿಡಿಸೋಕೆ ಇಪ್ಪತ್ತು ನಿಮಿಷ. ಬಿರಿಯಾನಿ ಪಾತ್ರೆ ಒಲೆ ಮೇಲೆ ಹೋಗೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಇದೆಲ್ಲ ಹಿಂದಿನ ರಾತ್ರಿಯೇ ಮುಗಿದಿರಬೇಕಿತ್ತು.

[ದೃಶ್ಯ: ಮಹಡಿ ಮೇಲಿಂದ ಸಂಜೆ ಆಕಾಶ. ತೆಳ್ಳನೆ ಚಂದ್ರ.]

ತಮಾಷೆ ಏನಂದ್ರೆ, ಆ "ಹಿಂದಿನ ರಾತ್ರಿ" ಯಾವತ್ತು ಅಂತ ಮೊದಲೇ ಗೊತ್ತಾಗಲ್ಲ. ಚಂದ್ರನ ಲೆಕ್ಕದ ತಿಂಗಳಿಗೆ 29 ದಿನ, ಇಲ್ಲಾ 30. 29ನೇ ರೋಜಾ (ರಂಜಾನ್ ಉಪವಾಸ) ಸಂಜೆ ಚಂದ್ರ ಕಂಡ್ರೆ ನಾಳೆಯೇ ಹಬ್ಬ, ಕಾಣದಿದ್ರೆ ಇನ್ನೊಂದು ರೋಜಾ. ಅದಕ್ಕೇ ಅಕ್ಕಿ, ಶಾವಿಗೆ, ತುಪ್ಪ, ಒಣಹಣ್ಣು, ಮಸಾಲೆ ಎಲ್ಲ 27ನೇ ರೋಜಾಕ್ಕೇ ಮನೇಲಿರಲಿ. ಚಂದ್ರ ಕಂಡ ಮೇಲೆ ಹೊರಗೆ ಹೋಗೋದು ಕೋಳಿ, ಹಾಲು, ಸೊಪ್ಪಿಗೆ ಮಾತ್ರ.

ಇದು ರಂಜಾನ್ ಹಬ್ಬದ ಲೆಕ್ಕ. ಬಕ್ರೀದ್‌ನಲ್ಲಿ ಕುರ್ಬಾನಿ ಆದ ಮೇಲೆ ಮಾಂಸ ಮನೆಗೆ ಬರೋದು, ಆ ಅಡುಗೆಯ ಓಟವೇ ಬೇರೆ. ಅದಕ್ಕೆ ಇನ್ನೊಂದು ವಿಡಿಯೋ ಮಾಡ್ತೀನಿ.

ನಿಮ್ಮ ಪಟ್ಟಿಯಲ್ಲಿ ಮೂರೇ ಇರಲಿ: ಚಿಕನ್ ಬಿರಿಯಾನಿ, ಮೊಸರು ಬಜ್ಜಿ, ಶೀರ್ ಖುರ್ಮಾ. ಕಬಾಬ್, ಖೀಮಾ ಸಮೋಸ ಎಲ್ಲ ಮುಂದಿನ ವರ್ಷಕ್ಕೆ. ಮಟನ್ ಬೇಕೇ ಬೇಕು ಅನ್ನೋರು ಕುಕ್ಕರಲ್ಲಿ ಮೊದಲೇ ಮೆತ್ತಗೆ ಬೇಯಿಸಿಕೊಳ್ಳಿ. ಕಚ್ಚಿ ಬಿರಿಯಾನಿ ಮಾತ್ರ ಬೇಡ. ಅದರಲ್ಲಿ ಹಸಿ ಮಾಂಸ, ಅರೆಬೆಂದ ಅನ್ನ ಎರಡೂ ಒಂದೇ ದಮ್‌ನಲ್ಲಿ, ಅಂದ್ರೆ ಬಿಗಿಯಾಗಿ ಮುಚ್ಚಿದ ಪಾತ್ರೆಯ ಹಬೆಯಲ್ಲೇ, ಬೇಯಬೇಕು. ಉರಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಒಳಗೇನಾಗ್ತಿದೆ ಅಂತ ಮುಚ್ಚಳ ತೆಗೆಯೋವರೆಗೂ ಗೊತ್ತಾಗಲ್ಲ. ನಾವು ಮಾಡೋದು ಪಕ್ಕಿ, ಅಂದ್ರೆ ಮಾಂಸ ಮೊದಲೇ ಬೆಂದಿರುತ್ತೆ.

[ದೃಶ್ಯ: ಬಾಣಲೆಯಲ್ಲಿ ಈರುಳ್ಳಿ. ಹತ್ತಿರದಿಂದ.]

ರಾತ್ರಿ ಕೆಲಸ ಈರುಳ್ಳಿಯಿಂದ ಶುರು. 8 ಜನಕ್ಕೆ 1 ಕೆಜಿ ಬಾಸ್ಮತಿ, ಒಂದೂಕಾಲು ಕೆಜಿ ಚಿಕನ್, 6 ದೊಡ್ಡ ಈರುಳ್ಳಿ. ಈರುಳ್ಳಿ ಉದ್ದಕ್ಕೆ, ತೆಳ್ಳಗೆ, ಒಂದೇ ಸಮ ಹೆಚ್ಚಿ. ಕೆಲವು ದಪ್ಪ, ಕೆಲವು ತೆಳು ಇದ್ರೆ ಒಂದು ಹಸಿಯಾಗಿರುವಾಗಲೇ ಇನ್ನೊಂದು ಇದ್ದಿಲಾಗುತ್ತೆ. ಮಧ್ಯಮ ಉರಿಯಲ್ಲಿ ಕರೀತಾ ಇರಿ. ಬಂಗಾರದ ಬಣ್ಣ ಬಂದಾಗ, "ಇನ್ನೂ ಸ್ವಲ್ಪ ಕೆಂಪಾಗಲಿ" ಅಂತ ಮನಸ್ಸು ಹೇಳುತ್ತೆ ನೋಡಿ, ಆಗಲೇ ತೆಗೆದುಬಿಡಿ. ಎಣ್ಣೆಯಿಂದ ಹೊರಗೆ ಬಂದ ಮೇಲೂ ಅದು ಕೆಂಪಾಗ್ತಾನೇ ಇರುತ್ತೆ. ಪೇಪರ್ ಮೇಲೆ ಹರಡಿದ್ರೆ 5 ನಿಮಿಷದಲ್ಲಿ ಗರಿಗರಿ. ಕಪ್ಪಾಗಿದ್ರೆ ಕರುಣೆ ತೋರಿಸದೆ ಎಸೀರಿ, ಒಂದು ಹಿಡಿ ಕಹಿ ಈರುಳ್ಳಿ ಸಾಕು ಇಡೀ ಪಾತ್ರೆ ಕೆಡಿಸೋಕೆ. ಕರಿದ ಎಣ್ಣೆ ಮಾತ್ರ ಚೆಲ್ಲಬೇಡಿ.

ಇದನ್ನ ಇಫ್ತಾರ್‌ಗೆ ಮೊದಲೇ ಮಾಡ್ಕೊಬಹುದು, ರುಚಿ ನೋಡೋ ಕೆಲಸ ಇಲ್ಲವಲ್ಲ. ಆ ವಾಸನೆ ತಡ್ಕೊಳ್ಳೋದು ನಿಮ್ಮ ಇಮಾನಿಗೆ ಬಿಟ್ಟಿದ್ದು.

ಚಂದ್ರ ಕಂಡು ಚಿಕನ್ ಬಂದ ಮೇಲೆ ಅದಕ್ಕೆ 250 ಗ್ರಾಂ ಮೊಸರು, 4 ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಸೀಳಿದ ಹಸಿಮೆಣಸಿನಕಾಯಿ, ಖಾರದ ಪುಡಿ, ಅರಿಶಿನ, ಗರಂ ಮಸಾಲೆ, ಒಂದು ನಿಂಬೆಹಣ್ಣಿನ ರಸ, ಒಂದೊಂದು ಹಿಡಿ ಪುದೀನ, ಕೊತ್ತಂಬರಿ, ಉಪ್ಪು. ಕರಿದ ಈರುಳ್ಳಿಯಲ್ಲಿ ಅರ್ಧ ಕೈಯಲ್ಲೇ ಪುಡಿ ಮಾಡಿ ಹಾಕಿ. ಕಲಸಿ, ಮುಚ್ಚಿ, ಫ್ರಿಜ್ ಒಳಗಿಡಿ. ಕಟ್ಟೆ ಮೇಲೆ ರಾತ್ರಿಯೆಲ್ಲ ಬಿಡಬೇಡಿ, ಮಾಂಸ ಕೆಡುತ್ತೆ.

ಬಾದಾಮಿ, ಪಿಸ್ತಾ, ಒಣ ಖರ್ಜೂರ (ಉತ್ತುತ್ತೆ ಅಂತೀವಲ್ಲ) ನೀರಲ್ಲಿ ನೆನೆಹಾಕಿ ಮಲಗಿ.

[ದೃಶ್ಯ: ಬೆಳಿಗ್ಗೆ. ಹಾಲು ಉಕ್ಕಿ ಬರ್ತಿದೆ.]

ರಂಜಾನ್ ಹಬ್ಬದ ದಿನ ಈದ್ ನಮಾಜಿಗೆ ಹೊರಡೋ ಮುಂಚೆ ಏನಾದ್ರೂ ತಿನ್ನೋದು ಸುನ್ನತ್, ಅಂದ್ರೆ ಪ್ರವಾದಿಯವರು ಪಾಲಿಸಿದ ರೂಢಿ. ಪ್ರವಾದಿಯವರು ಬೆಸ ಸಂಖ್ಯೆಯಲ್ಲಿ ಖರ್ಜೂರ ತಿಂದು ಹೊರಡ್ತಿದ್ರು ಅಂತ ಹದೀಸ್‌ನಲ್ಲಿದೆ (ಅವರ ನಡೆ-ನುಡಿಯ ದಾಖಲೆ). ಹಾಗಾಗಿ ಸಿಹಿಯದ್ದೇ ಮೊದಲ ಸರದಿ. ಪರ್ಷಿಯನ್ ಭಾಷೆಯಲ್ಲಿ ಶೀರ್ ಅಂದ್ರೆ ಹಾಲು, ಖುರ್ಮಾ ಅಂದ್ರೆ ಖರ್ಜೂರ. ಹೆಸರಲ್ಲಿ ಶಾವಿಗೆ ಇಲ್ಲ, ಗಮನಿಸಿ. ನಾನು ಆ ವರ್ಷ ಅಲ್ಲೇ ಎಡವಿದ್ದು: 2 ಲೀಟರ್ ಹಾಲಿಗೆ ಶಾವಿಗೆ ಪ್ಯಾಕೆಟ್ ಪೂರ್ತಿ ಸುರಿದಿದ್ದೆ.

2 ಲೀಟರ್ ಗಟ್ಟಿ ಹಾಲಿಗೆ 100 ಗ್ರಾಂ ಸಣ್ಣ ಶಾವಿಗೆ ಸಾಕು. ಹಾಲು ಸಣ್ಣ ಉರಿಯಲ್ಲಿ 20 ನಿಮಿಷ ಕುದೀಲಿ. ನೆನೆದ ಬಾದಾಮಿ, ಪಿಸ್ತಾ, ಖರ್ಜೂರ ಸಣ್ಣಗೆ ಸೀಳಿ, ಗೋಡಂಬಿ, ದ್ರಾಕ್ಷಿ, ಚಾರೋಳಿ ಜೊತೆ ತುಪ್ಪದಲ್ಲಿ ಹುರಿದು ಹಾಲಿಗೆ ಹಾಕಿ. ಅದೇ ತುಪ್ಪದಲ್ಲಿ ಶಾವಿಗೆ ಹೊಂಬಣ್ಣ ಬರೋ ಹಾಗೆ ಹುರೀರಿ. ಈಗ ಮುಖ್ಯ ವಿಷಯ. ಆ ಶಾವಿಗೆ ಎಲ್ಲಾನೂ ಹಾಲಿಗೆ ಹಾಕಬೇಡಿ. ಮನೆಯವರಿಗೆ ಬೇಕಾದಷ್ಟು ಹಾಲು ಬೇರೆ ತೆಗೆದು, ಅದಕ್ಕೆ ತಕ್ಕಷ್ಟು ಶಾವಿಗೆ, ಸಕ್ಕರೆ ಹಾಕಿ 3-4 ನಿಮಿಷ ಕುದಿಸಿ. ಮಿಕ್ಕಿದ ಶಾವಿಗೆ ಡಬ್ಬಿಗೆ. ಮಿಕ್ಕಿದ ಹಾಲು ಆರಿದ ಮೇಲೆ ಫ್ರಿಜ್‌ಗೆ. ಬಟ್ಟಲಲ್ಲಿರೋ ಶಾವಿಗೆ ಹಾಲು ಹೀರ್ತಾನೇ ಇರುತ್ತೆ, ಅದಕ್ಕೆ ಒಲೆ ಮೇಲಿಂದ ಇಳಿಸುವಾಗ ನೀರು ನೀರು ಅನ್ನಿಸಿದ್ರೇ ಸರಿ.

[ದೃಶ್ಯ: ಗೋಡೆ ಗಡಿಯಾರ, 11:15.]

ನಮಾಜ್ ಮುಗೀತು, ಅಪ್ಪಿಕೊಂಡಿದ್ದು ಆಯ್ತು, ಈದಿ (ಹಬ್ಬದ ಕಾಸು) ಹಂಚಿದ್ದೂ ಆಯ್ತು. ಒಂದು ಗಂಟೆ ಊಟಕ್ಕೆ ಹನ್ನೊಂದೂಕಾಲಿಗೆ ಅಕ್ಕಿ ನೆನೆಹಾಕಿ. ನಿನ್ನೆಯ ಈರುಳ್ಳಿ ಎಣ್ಣೆ ಒಂದು ಬಟ್ಟಲು ದಪ್ಪ ತಳದ ಪಾತ್ರೆಗೆ ಹಾಕಿ, ಚಕ್ಕೆ, ಲವಂಗ, ಏಲಕ್ಕಿ, ಶಾಜೀರಾ ಸಿಡಿಸಿ, ಚಿಕನ್ ಇಳಿಬಿಡಿ. ಸುಮಾರು 25 ನಿಮಿಷದಲ್ಲಿ ಬೇಯುತ್ತೆ. ದೊಡ್ಡ ತುಂಡು ಒಂದನ್ನ ಮುರಿದು ನೋಡಿ, ಮೂಳೆ ಹತ್ತಿರ ಗುಲಾಬಿ ಬಣ್ಣ ಉಳಿದಿರಬಾರದು. ಎಣ್ಣೆ ಮೇಲೆ ತೇಲಬೇಕು, ಗ್ರೇವಿ ತಳದಲ್ಲಿ ಸ್ವಲ್ಪ ಉಳಿದಿರಬೇಕು. ಪೂರ್ತಿ ಒಣಗಿದ್ರೆ ದಮ್‌ನಲ್ಲಿ ತಳ ಹಿಡಿಯುತ್ತೆ.

ಪಕ್ಕದ ಒಲೆಯಲ್ಲಿ 5 ಲೀಟರ್ ನೀರು ಕುದಿಯೋಕೆ ಇಟ್ಟಿರಿ. ಕುದಿಯೋ ನೀರು ನಾಲಿಗೆಗೆ "ಅಯ್ಯೋ ಉಪ್ಪು" ಅನ್ನಿಸಬೇಕು. ಇಲ್ಲಿ ಕಮ್ಮಿಯಾದ ಉಪ್ಪನ್ನ ಆಮೇಲೆ ಮೇಲಿಂದ ಉದುರಿಸಿ ಸರಿಮಾಡೋಕಾಗಲ್ಲ. ಅಕ್ಕಿ ಹಾಕಿ, ಮತ್ತೆ ಕುದಿ ಬಂದ 5 ನಿಮಿಷಕ್ಕೆ ಒಂದು ಅಗುಳು ಬೆರಳಲ್ಲಿ ಹಿಸುಕಿ. 3-4 ತುಂಡಾಗಿ ಮುರಿದು ಒಳಗೆ ಸಣ್ಣ ಬಿಳಿ ಗಟ್ಟಿ ಇದ್ರೆ ಸರಿಯಾದ ಹದ. ಫೋನ್ ಬಂದ್ರೂ ಎತ್ತಬೇಡಿ, ಬಸಿದುಬಿಡಿ.

[ದೃಶ್ಯ: ತಟ್ಟೆಯಲ್ಲಿ ಹರಡಿದ ಅನ್ನ, ಹಬೆ ಏಳ್ತಿದೆ.]

ಅಕಸ್ಮಾತ್ ಹೆಚ್ಚು ಬೆಂತು ಅಂದ್ಕೊಳ್ಳಿ. ದೊಡ್ಡ ತಟ್ಟೆಗೆ ತೆಳ್ಳಗೆ ಹರಡಿ ಹಬೆ ಹೋಗೋಕೆ ಬಿಡಿ, ದಮ್ 10 ನಿಮಿಷಕ್ಕೆ ಇಳಿಸಿ. ಹದ ಸರಿ ಇದ್ರೆ ನೇರವಾಗಿ ಚಿಕನ್ ಮೇಲೆ ಅನ್ನ ಹರಡಿ, ಉಳಿದ ಈರುಳ್ಳಿ, ಪುದೀನ, ಬಿಸಿ ಹಾಲಲ್ಲಿ ನೆನೆದ ಕೇಸರಿ, 3 ಚಮಚ ತುಪ್ಪ. ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿ. ಹಿಟ್ಟು ಕಲಸೋಕೆ ಬೇಜಾರಾದ್ರೆ ಫಾಯಿಲ್, ಅದಕ್ಕೇನೂ ಮರ್ಯಾದೆ ಕಮ್ಮಿ ಆಗಲ್ಲ. ಕೆಳಗೆ ಹಳೇ ಕಾವಲಿ ಇಟ್ಟು 5 ನಿಮಿಷ ಜೋರು ಉರಿ, 15 ನಿಮಿಷ ಸಣ್ಣ ಉರಿ. ಒಲೆ ಆರಿಸಿ ಇನ್ನೊಂದು 15 ನಿಮಿಷ ಮುಟ್ಟಬೇಡಿ. ಆ ಹೊತ್ತಿಗೆ ಮೊಸರು ಬಜ್ಜಿ ಆಗಿಬಿಡುತ್ತೆ.

ಬಂದವರಲ್ಲಿ ಮಾಂಸ ತಿನ್ನದವರು ಇದ್ರೆ ಅವರ ತರಕಾರಿ ಬಿರಿಯಾನಿಗೆ ಬೇರೆ ಪಾತ್ರೆ, ಬೇರೆ ಸೌಟು ಇರಲಿ, ಮತ್ತೆ ಅದನ್ನ ಅವರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ರೆ ಪಾಪ ಕೇಳೋಕೂ ಆಗದೆ, ತಿನ್ನೋಕೂ ಆಗದೆ ಕೂತಿರ್ತಾರೆ.

[ದೃಶ್ಯ: ಮುಚ್ಚಳ ತೆರೆಯುತ್ತೆ. ಹಬೆ.]

ಮೇಲಿಂದ ಕೆದಕಬೇಡಿ. ಪಾತ್ರೆ ಅಂಚಿಂದ ಸೌಟು ಇಳಿಸಿ, ತಳದ ಮಸಾಲೆ ಸಮೇತ ಮೇಲಕ್ಕೆತ್ತಿ ಬಡಿಸಿ. ಮಿಕ್ಕಿದ್ದನ್ನ 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಅನ್ನ ಹೊರಗೆ ಬಿಟ್ಟು ಆಮೇಲೆ ಬಿಸಿ ಮಾಡಿದ್ರೂ ಹೊಟ್ಟೆ ಕೆಡಬಹುದು.

[ದೃಶ್ಯ: ಸಂಜೆ. ತೊಳೆದಿಟ್ಟ ಪಾತ್ರೆಗಳು. ಬಾಗಿಲ ಬೆಲ್.]

ಈದ್ ದಿನ ಅತಿಥಿಗಳು ಊಟದ ಹೊತ್ತಿಗೇ ಬರಬೇಕು ಅಂತೇನಿಲ್ಲ. ಆರು ಗಂಟೆಗೆ ಬೆಲ್ ಆಯ್ತಾ? ಅಸ್ಸಲಾಮು ಅಲೈಕುಂ ಹೇಳಿ ಕೂರಿಸಿ, ಒಳಗೆ ಬಂದು ಫ್ರಿಜ್‌ನ ಹಾಲು ಒಲೆ ಮೇಲಿಡಿ, ಡಬ್ಬಿಯ ಶಾವಿಗೆ, ಸಕ್ಕರೆ ಹಾಕಿ. ಒಂದೆರಡು ಮಾತಾಡೋದ್ರೊಳಗೆ ರೆಡಿ.

[ದೃಶ್ಯ: ಹೊಸ ಬಟ್ಟಲು. ಚಮಚ ಬಿಟ್ಟರೆ ಪಕ್ಕಕ್ಕೆ ವಾಲಿ ಮುಳುಗುತ್ತೆ.]