ಹಿಮದ ಮೇಲೆ ಬರಿಗಾಲು

ತೋಳ ಅಂದ್ರೆ ದಟ್ಟ ಕಾಡಿನ ಪ್ರಾಣಿ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಆದ್ರೆ ಈ ವಿಡಿಯೊದಲ್ಲಿ ನೀವೀಗ ನೋಡ್ತಿರೋದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲು. ಕೃಷ್ಣಮೃಗಗಳಿಗೆ ಅಂತ ಸರ್ಕಾರ 2007ರಲ್ಲಿ ಮೀಸಲಿಟ್ಟ 798 ಎಕರೆ. ನಮ್ಮ ಬಯಲುಸೀಮೆಯ ತೋಳಕ್ಕೂ ಬೇಕಾಗಿರೋದು ಇಂಥದ್ದೇ ಜಾಗ, ಹುಲ್ಲು, ಕುರುಚಲು, ಕಲ್ಲುಗುಡ್ಡ.

ಇಲ್ಲಿ ಕುರಿ ಮೇಯಿಸೋ ಅಜ್ಜನಿಗೆ ಫೋನಿನಲ್ಲಿ ಕೆನಡಾದ ಬಿಳಿ ತೋಳ ತೋರಿಸ್ದೆ. ಅವರ ಕಣ್ಣು ಮೊದಲು ಹೋಗಿದ್ದೇ ಕಾಲಿಗೆ. "ಬರಿಗಾಲಲ್ಲಿ ಐಸ್ ಮ್ಯಾಲೆ ನಿಂತೈತಲ್ಲ ಮಗ, ಕಾಲು ಮರಗಟ್ಟಲ್ವಾ?" ಅಂದ್ರು. ಎಂಥಾ ಒಳ್ಳೇ ಪ್ರಶ್ನೆ ನೋಡಿ!

ಮರಗಟ್ಟಲ್ಲ. ಕಾಲಿನೊಳಗೆ ಬಿಸಿ ರಕ್ತ ಇಳಿಯೋ ನಾಳ, ತಣ್ಣನೆ ರಕ್ತ ಏರೋ ನಾಳ ಎರಡೂ ಒಂದಕ್ಕೊಂದು ಒತ್ತಿಕೊಂಡಿವೆ. ಇಳಿಯೋ ರಕ್ತ ತನ್ನ ಬಿಸಿಯನ್ನ ದಾರಿಯಲ್ಲೇ ಏರೋ ರಕ್ತಕ್ಕೆ ಕೊಟ್ಟುಬಿಡುತ್ತೆ. ಮೈ ಕಾವು ಮೈಯಲ್ಲೇ ಉಳಿಯುತ್ತೆ, ಪಾದಕ್ಕೆ ಹೆಪ್ಪುಗಟ್ಟದಿರೋಷ್ಟು ಬಿಸಿ ಮಾತ್ರ ಸಿಗುತ್ತೆ. ಇನ್ನು ಕೂದಲು ಎರಡು ಪದರ. ಒಳಗೆ ಒತ್ತಾದ ಮೃದು ತುಪ್ಪಳ, ಮೇಲೆ ನೀರು ಇಳಿಯದ ಉದ್ದನೆ ಒರಟು ಕೂದಲು. ಮಲಗುವಾಗ ಮುದುಡಿಕೊಂಡು, ಕಂಬಳಿ ಎಳೆದುಕೊಂಡ ಹಾಗೆ ಮೂತಿ ಮೇಲೆ ಬಾಲ ಹಾಕ್ಕೊಳ್ಳುತ್ತೆ.

ಕೆನಡಾದ ಉತ್ತರದ ತುತ್ತತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಚಳಿಗಾಲ ಬಂತು ಅಂದ್ರೆ ತಿಂಗಳುಗಟ್ಟಲೆ ಸೂರ್ಯನೇ ಹುಟ್ಟಲ್ಲ. ಅಲ್ಲಿನ ಬಿಳಿ ತೋಳಗಳದ್ದು ಆ ಕತ್ತಲಲ್ಲೇ ಗುಂಪು ಕಟ್ಟಿ ಬೇಟೆ. ಸಿಕ್ಕಾಗ ಹೊಟ್ಟೆ ಬಿರಿಯ ತಿಂದು, ಆಮೇಲೆ ದಿನಗಟ್ಟಲೆ ಉಪವಾಸ. ನಮ್ಮ ತೋಳ ಇದೇ ಜಾತಿಯದ್ದು. ಆದ್ರೆ ತೂಕ ಸುಮಾರು 20 ಕೆ.ಜಿ., ಕೂದಲು ತೆಳು. ಅಲ್ಲಿ ಮರಿ ಹಾಕೋದು ಹಿಮ ಕರಗೋ ಹೊತ್ತಿಗೆ, ಇಲ್ಲಿ ಡಿಸೆಂಬರ್, ಜನವರಿಯ ಚಳಿಯಲ್ಲಿ.

ಚಳಿಯನ್ನ ತೋಳ ಗೆದ್ದಿದೆ. ಗೆಲ್ಲೋಕಾಗದೇ ಇರೋದು ಮನುಷ್ಯನ ಸಿಟ್ಟನ್ನ. ಲಡಾಖಿನಲ್ಲಿ ಕಲ್ಲಿನ ಗುಂಡಿ ಕಟ್ಟಿ, ಒಳಗೆ ಕುರಿ ಬಿಟ್ಟು ತೋಳ ಬೀಳಿಸ್ತಿದ್ರು. 2018ರಲ್ಲಿ ಚುಶೂಲ್ ಊರಿನವರು ಆ ಗುಂಡಿಗಳ ಗೋಡೆ ಒಡೆದು ದಾರಿ ಬಿಟ್ಟು, ಅಲ್ಲೇ ಸ್ತೂಪ ಕಟ್ಟಿದ್ರು. ಕುರಿ ಕಳ್ಕೊಂಡಿದ್ದ ಜನ ಅವರು. ಅದನ್ನ ಓದಿದಾಗ ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ನಮ್ಮಲ್ಲೂ ಕುರಿ ಸಾಕೋರ ನಷ್ಟ ಚಿಕ್ಕದಲ್ಲ. ಈ ವಿಡಿಯೊ ನೋಡ್ತಿರೋ ಕುರಿಗಾಹಿಗಳ ಮನೆಯವರೇ, ತೋಳ ಕುರಿ ಹಿಡಿದ್ರೆ ವಿಷ ಇಡಬೇಡಿ. ಸತ್ತ ಕುರಿಯನ್ನ ಅಲ್ಲಿಂದ ಕದಲಿಸದೆ ಫೋಟೊ ತೆಗೀರಿ, ಅರಣ್ಯ ಇಲಾಖೆಯವರಿಗೆ ಅವತ್ತೇ ತಿಳಿಸಿ, ಪರಿಹಾರಕ್ಕೆ ಅರ್ಜಿ ಹಾಕಿ.